ಐದು ವರ್ಷ ಕಾಯಬೇಕಿದ್ದ ವೈನ್

ಮತ್ತೆ ಅವನೇ...

ಲವಿನಾ ಬಿಡ್ ಒತ್ತಿ ಉಸಿರು ಬಿಡುವಷ್ಟರಲ್ಲಿ ಅವಳ ಬೆಲೆಯ ತಲೆ ಮೇಲೆ ಇನ್ನೊಂದು ಬೆಲೆ ಬಂದು ಕೂತಿತ್ತು. ಹರಾಜಿನ ಸೈಟಿನಲ್ಲಿ ಎದುರಾಳಿ ಇಟ್ಟುಕೊಂಡ ಹೆಸರು ಬೇರೆ ನೋಡಿ: ನಿಧಾನಪ್ಪ. ಹೆಸರಿಗಷ್ಟೇ ನಿಧಾನ, ಬೆರಳು ಮಾತ್ರ ಮಿಂಚು.

ಮೆಲ್ಬರ್ನ್‌ನಿಂದ ಒಂದು ಹಗಲು ರೈಲು ದೂರದ ಟೂಂಗಾಬಿಯ ಮನೆಯಲ್ಲಿ, ಅಮ್ಮ ಅಸುಂತಾ ಹುರಿಯುತ್ತಿದ್ದ ಬಂಗುಡೆಯ ವಾಸನೆಯ ನಡುವೆ, ಅವಳು ಒಂದೇ ಒಂದು ಬಾಟಲಿಗಾಗಿ ಹೊಡೆದಾಡುತ್ತಿದ್ದಳು. ತೊಂಬತ್ತೆಂಟನೇ ಇಸವಿಯ ಶಿರಾಜ್ ಎಂಬ ಕೆಂಪು ವೈನ್. ಮೆಲ್ಬರ್ನ್ ಆಚೆಯ ಗುಡ್ಡದ ಸಣ್ಣ ದ್ರಾಕ್ಷಿ ತೋಟದ್ದು. ಆ ತೋಟ ಮುಚ್ಚಿ ಎಷ್ಟೋ ಕಾಲವಾಗಿದೆ. ಅಲ್ಲಿಯ ವೈನ್ ಈಗ ಸಿಗುವುದು ಹರಾಜಿನಲ್ಲಿ ಮಾತ್ರ, ಅದೂ ಯಾರೋ ಪುಣ್ಯಾತ್ಮರು ಕುಡಿಯದೆ ಉಳಿಸಿದ್ದರೆ.

ಹರಾಜು ಮುಗಿಯಿತು. ಬಾಟಲಿ ನಿಧಾನಪ್ಪನ ಪಾಲಾಯಿತು.

'ನನ್ನ ಪಪ್ಪನ ಬಾಯಿಂದ ಕಿತ್ತುಕೊಂಡೆಯಲ್ಲೋ...' ಲವಿನಾಳ ಕಣ್ಣು ತುಂಬಿತು.

ಒಂದು ಬಾಟಲಿಗೆ ಇಷ್ಟು ಅಳುವೇ ಅಂತ ನಗಬೇಡಿ. ಅವಳ ಅಪ್ಪ ಲಯನೆಲ್, ಹೆಂಡತಿ ಮತ್ತು ಕೈಗೂಸನ್ನು ಬಜ್ಪೆಯಲ್ಲಿ ಬಿಟ್ಟು ಈ ದೇಶಕ್ಕೆ ಬಂದಾಗ ಸಿಕ್ಕ ಮೊದಲ ಕೆಲಸ, ಅದೇ ತೋಟದಲ್ಲಿ ದ್ರಾಕ್ಷಿ ಕೊಯ್ಯುವುದು. ಆ ವರ್ಷದ ಹಣ್ಣಿನ ವೈನನ್ನು ತೋಟದ ಯಜಮಾನ ಆಮೇಲೆ ಒಂದು ಬಾಟಲಿ ಕೊಟ್ಟಿದ್ದ. ಅಮೂಲ್ಯವಾದದ್ದೆಲ್ಲ ನಮ್ಮವರು ಎಲ್ಲಿಡುತ್ತಾರೆ? ಅಸುಂತಾ ಅದನ್ನು ಮನೆಯ ಅಲ್ತಾರಿನಲ್ಲಿ, ಮಾತೆ ಮರಿಯಳ ಮೂರ್ತಿಯ ಪಕ್ಕ, ಸದಾ ಉರಿಯುವ ದೀಪದ ಹತ್ತಿರ ನೆಟ್ಟಗೆ ನಿಲ್ಲಿಸಿದರು. ದಿನಾ ಧೂಳು ಒರೆಸಿದರು.

ಈಗ ಲಯನೆಲ್‌ಗೆ ಗಂಟಲಿನ ಕ್ಯಾನ್ಸರ್. ಮುಂದಿನ ತಿಂಗಳು ರೇಡಿಯೇಷನ್ ಶುರು. ಜೀವಕ್ಕೆ ಭಯವಿಲ್ಲ, ಆದರೆ ನಾಲಿಗೆಯ ರುಚಿ ಹೋಗಬಹುದು, ಮರಳಿ ಬರುತ್ತದೋ ಇಲ್ಲವೋ ಹೇಳಲಾಗದು ಅಂದಿದ್ದರು ಡಾಕ್ಟರ್. ಅವತ್ತು ಸಂಜೆ ಲಯನೆಲ್ ಅಲ್ತಾರಿನ ಬಾಟಲಿ ಕೆಳಗಿಳಿಸಿ ತೆರೆದರು. ಒಂದು ಗುಟುಕು ಬಾಯಿಗೆ ಹೋಯಿತು, ಮುಖ ಕಿವುಚಿತು. ಒಳಗಿದ್ದದ್ದು ಹುಳಿ ಹಿಡಿದ ನೀರು. "ಪರವಾಗಿಲ್ಲ ಬಿಡಿ," ಅಂತ ನಕ್ಕರು. ಆ ನಗುವನ್ನು ಲವಿನಾಗೆ ನೋಡಲಾಗಲಿಲ್ಲ.

ಹಾಗಾಗಿ ನಾಚಿಕೆ ಬಿಟ್ಟು, ಸೈಟಿನವರ ಮೂಲಕ ನಿಧಾನಪ್ಪನಿಗೆ ಕನ್ನಡದಲ್ಲೇ ಬರೆದಳು. ಆ ಹಣ್ಣು ಕೊಯ್ದವರು ನನ್ನ ಅಪ್ಪ, ಬಾಟಲಿ ನಮಗೆ ಕೊಡುತ್ತೀರಾ ಅಂತ. ಕಾಯಿಲೆಯ ಮಾತು ಮಾತ್ರ ಎತ್ತಲಿಲ್ಲ. ಮನೆಯ ನೋವನ್ನು ಊರೆಲ್ಲ ಹರಡುವ ಜನವಲ್ಲ ಅವರು.

ಕ್ಷಮಿಸಿ, ಮಾರುವುದಿಲ್ಲ ಅಂತ ಉತ್ತರ ಬಂತು. ಜೊತೆಗೊಂದು ಪ್ರಶ್ನೆ: ಕೊಟ್ಟಿದ್ದರೆ ನೀವು ಎಲ್ಲಿಡುತ್ತಿದ್ದಿರಿ? ಅಲ್ತಾರಿನಲ್ಲಿ, ದೀಪದ ಪಕ್ಕ ಅಂತ, ಹಳೆಯದು ಹುಳಿಯಾದದ್ದು ಯಾಕೆಂದು ಅರಿಯದ ಇವಳು ಹೆಮ್ಮೆಯಿಂದ ಬರೆದು, ತನ್ನ ನಂಬರನ್ನೂ ಕೊಟ್ಟಳು.

ಮರುಕ್ಷಣವೇ ಫೋನು.

"ಅಲ್ತಾರ್‌ನಲ್ಲಾ? ದೀಪದ ಬಿಸಿಗಾ? ಕೊಂದೇ ಬಿಡ್ತಿದ್ರಲ್ರೀ ಅದನ್ನ..."

ಸೆಡ್ರಿಕ್ ಅವನ ಹೆಸರು. ಬೆಂಗಳೂರಲ್ಲಿ ಬೆಳೆದ ಮಂಗಳೂರಿಗ, ಮೆಲ್ಬರ್ನ್‌ನ ಟ್ರ್ಯಾಮ್ ಡಿಪೋದಲ್ಲಿ ಎಂಜಿನಿಯರ್. ಕೊಂಕಣಿ ಅರ್ಧಂಬರ್ಧ, ಕನ್ನಡ ಸಲೀಸು. ಲವಿನಾ ಉರಿದುಬಿದ್ದಳು. ನಮ್ಮ ದೇವರ ಹತ್ತಿರ ಇಟ್ಟದ್ದಕ್ಕೆ ನಿಮ್ಮದೇನು ಕೊಂಕು ಅಂತ ದಬಾಯಿಸುತ್ತ, ಅಲ್ಲಿಟ್ಟ ಹಳೆಯ ಬಾಟಲಿ ಹುಳಿಯಾದ ಕಥೆಯನ್ನೂ ಹೇಳಿಬಿಟ್ಟಳು. ಅವನು ಜಗಳಕ್ಕೆ ಬರಲಿಲ್ಲ. ವೈನಿಗೆ ಬಿರಡೆಯೇ ಬಾಗಿಲು, ಅದು ಒದ್ದೆಯಾಗಿದ್ದರೆ ಮಾತ್ರ ಗಟ್ಟಿ, ಅದಕ್ಕೇ ಬಾಟಲಿಯನ್ನು ಕತ್ತಲಲ್ಲಿ, ತಂಪಲ್ಲಿ, ಮಲಗಿಸಿಯೇ ಇಡಬೇಕು ಅಂತ ಮೆತ್ತಗೆ ಹೇಳಿದ. ಯಾರ ತಪ್ಪೂ ಅಲ್ಲ, ಪ್ರೀತಿಯಿಂದಲೇ ಇಟ್ಟಿದ್ದರಲ್ಲ ಅಂದ.

ಆ ಕೊನೆಯ ಮಾತು ಲವಿನಾಳ ಎದೆಗೆ ಹೋಗಿ ಕೂತಿತು.

ಮಾರನೇ ದಿನವೂ ಫೋನು. ಅದರ ಮಾರನೇ ದಿನ ಇವಳೇ ಮಾಡಿದಳು! ಹರಾಜಿನ ಫೋಟೋದಲ್ಲಿ ಬಾಟಲಿಯ ಕುತ್ತಿಗೆ ನೋಡಬೇಕು, ವೈನಿನ ಮಟ್ಟ ಇಳಿದಿದ್ದರೆ ಗಾಳಿ ಹೊಕ್ಕಿದೆ ಅಂತರ್ಥ. ಲೇಬಲ್ ಹರಿದಿದ್ದರೆ ಚಿಂತೆಯಿಲ್ಲ, ಆದರೆ ಇಷ್ಟು ವರ್ಷ ಯಾರ ಮನೆಯಲ್ಲಿತ್ತು ಅಂತ ಕೇಳದೆ ಬಿಡಬಾರದು. ಅವನು ಹೇಳುತ್ತ ಹೋದ, ಅವಳು ಮ್ಯಾಕ್ವೆರಿ ಪಾರ್ಕ್ ಆಫೀಸಿನಲ್ಲಿ ಲಂಚ್ ಮರೆತು ಕೇಳುತ್ತ ಹೋದಳು. 'ಎಷ್ಟು ತಾಳ್ಮೆ ಇವನಿಗೆ... ಅಷ್ಟೂ ಗೊತ್ತಿದ್ದು ಒಂದು ಚೂರೂ ಜಂಬವಿಲ್ಲ.'

ಅಮ್ಮನ ಚರ್ಚ್ ಗೆಳತಿ ವಿಯೋಲಾ ಆಂಟಿಗೆ ಸುದ್ದಿ ಮುಟ್ಟಿತು. ಮನೆ ತುಂಬ ಬಾಟಲಿ ಇಟ್ಟುಕೊಂಡವನು ಕುಡುಕನಲ್ಲದೆ ಪಾದ್ರಿಯಾ ಅಂತ ಅವರ ತೀರ್ಪು.

ಆಫೀಸಿನ ಕೆಲಸಕ್ಕೆ ಮೆಲ್ಬರ್ನ್‌ಗೆ ಹೋದಾಗ ಲವಿನಾ ಆ 'ಕುಡುಕ'ನ ಮನೆ ನೋಡಿದಳು. ಮೆಟ್ಟಿಲ ಕೆಳಗಿನ ಕತ್ತಲೆ ಗೂಡಿನಲ್ಲಿ ಬಾಟಲಿಗಳು ತೊಟ್ಟಿಲ ಮಕ್ಕಳ ಹಾಗೆ ಮಲಗಿದ್ದವು. ಒಂದೊಂದನ್ನೂ ಅವನು ಎರಡು ಕೈಯಲ್ಲಿ ಎತ್ತಿ ತೋರಿಸಿದ. ಅವಳು ಬಾಟಲಿ ನೋಡಲಿಲ್ಲ, ಆ ಕೈಗಳನ್ನೇ ನೋಡಿದಳು.

ಕೊನೆಗೆ ತೊಂಬತ್ತೆಂಟರ ಶಿರಾಜ್ ಬಂತು.

"ಇದು ಇನ್ನೂ ಐದು ವರ್ಷ ಮಲಗಬೇಕು," ಅಂದ ಸೆಡ್ರಿಕ್. "ಈಗ ತೆರೆದ್ರೆ ಪಾಪ ಬರುತ್ತೆ."

ತಡೆದಿಟ್ಟದ್ದೆಲ್ಲ ಒಡೆಯಿತು. "ನನ್ನ ಪಪ್ಪನಿಗೆ ಐದು ವಾರನೂ ಇಲ್ಲ ಸೆಡ್ರಿಕ್. ಮುಂದಿನ ತಿಂಗಳು ರೇಡಿಯೇಷನ್. ಆಮೇಲೆ ಅವರ ನಾಲಿಗೆಗೆ ವೈನೂ ಒಂದೇ, ನೀರೂ ಒಂದೇ."

ಅವನು ಕಲ್ಲಾಗಿ ನಿಂತ. ಬಾಟಲಿಯನ್ನು ಎದೆಗೊತ್ತಿಕೊಂಡೇ ನಿಂತ.

'ಬಾಟಲಿ ಮೇಲಿರೋ ಕರುಣೆ ಮನುಷ್ಯರ ಮೇಲಿಲ್ಲ...' ಲವಿನಾ ಬ್ಯಾಗ್ ಎತ್ತಿಕೊಂಡು ಏರ್‌ಪೋರ್ಟಿಗೆ ಹೊರಟುಬಿಟ್ಟಳು. ವಿಮಾನದಲ್ಲಿ ಕೂತ ಮೇಲೆ ಗೊತ್ತಾಯಿತು, ಅತ್ತದ್ದು ವೈನಿಗಾಗಿ ಮಾತ್ರವಲ್ಲ. ಅವನನ್ನು ಅಷ್ಟು ಮೆಚ್ಚಿದ್ದಳಲ್ಲ!

ವಾರದ ಕೊನೆಗೆ ಟೂಂಗಾಬಿಯ ಮನೆ ಬಾಗಿಲು ಬಡಿದ ಸದ್ದಾಯಿತು. ಸೆಡ್ರಿಕ್. ಕಣ್ಣು ಕೆಂಪು, ಅಂಗಿ ಮುದ್ದೆ, ಕೈಯಲ್ಲಿ ಟವೆಲ್ ಸುತ್ತಿದ ಬಾಟಲಿ. ಕುಲುಕಬಾರದೆಂದು ಇಡೀ ಹಗಲು ರೈಲಿನಲ್ಲಿ ಅದನ್ನು ತೊಡೆಯ ಮೇಲೆ ಹಿಡಿದೇ ಬಂದಿದ್ದ.

ಅಡಿಯ ಗಸಿ ಕೂರಲು ಕೆಲವು ದಿನ ತಂಪಲ್ಲಿ ನಿಲ್ಲಿಸಬೇಕು ಅಂದ. ಅಸುಂತಾ ತಮ್ಮ ಸೀರೆ ಕಪಾಟಿನಲ್ಲಿ ಜಾಗ ಮಾಡಿಕೊಟ್ಟರು. ಅವನು ಚಾಟ್ಸ್‌ವುಡ್‌ನ ಗೆಳೆಯನ ಮನೆಯಲ್ಲಿ ಉಳಿದ. ಆದರೆ ದಿನಾ ಬಾಟಲಿ ನೋಡಲು ಬರುತ್ತಿದ್ದ. ಬಾಟಲಿಯನ್ನೇ ನೋಡುತ್ತಿದ್ದನೇ? ಲವಿನಾಳಿಗೆ ಗೊತ್ತು.

ಭಾನುವಾರ ಚರ್ಚಿನ ಪೂಜೆ ಮುಗಿಸಿ ಬಂದ ಮೇಲೆ ಅವನು ಬಿರಡೆ ಎಳೆದ. ವೈನನ್ನು ಗಾಜಿನ ಜಾಡಿಗೆ ನಿಧಾನ ಬಗ್ಗಿಸಿದ, ಗಸಿ ಬರುವ ಮುಂಚೆ ನಿಲ್ಲಿಸಿದ. ಮೂಸಿದ. ಮುಖ ಬಾಡಿತು. ಯಾವ ಪರಿಮಳವೂ ಇಲ್ಲ. ಸ್ವಲ್ಪ ಗಾಳಿ ಆಡಲಿ ಅಂದ ಅವನು.

ಅಸುಂತಾ ಇಡ್ಲಿಯಂಥ ಸನ್ನಾ ಬೇಯಿಸಿ ತರುವಷ್ಟರಲ್ಲಿ ಪರಿಮಳ ಮೆಲ್ಲಗೆ ಎದ್ದಿತು. ಕೋಣೆ ತುಂಬಿತು.

ಲಯನೆಲ್ ಗುಟುಕು ತೆಗೆದುಕೊಂಡು ಕಣ್ಣು ಮುಚ್ಚಿದರು. ಬಹಳ ಹೊತ್ತು ನುಂಗಲೇ ಇಲ್ಲ.

"ಅಸುಂತಾ," ಅಂದರು ಕೊನೆಗೆ, "ಹಣ್ಣು ಕೊಯ್ಯುವಾಗ ಕೈಯೆಲ್ಲ ನೇರಳೆ ಆಗ್ತಿತ್ತು. ತೊಳೆದ್ರೂ ಹೋಗ್ತಿರಲಿಲ್ಲ. ಅದೇ ವಾಸನೆಯಲ್ಲಿ ನಿಮ್ಮಿಬ್ಬರನ್ನು ನೆನೆಸ್ಕೊಂಡು ಮಲಗ್ತಿದ್ದೆ. ಇದು ಅದೇ. ಇನ್ನು ರುಚಿ ಹೋದರೆ ಹೋಗಲಿ."

ಅಸುಂತಾ ಸೆರಗಿನಿಂದ ಕಣ್ಣೊರೆಸಿಕೊಂಡರು. ಸೆಡ್ರಿಕ್ ಹಿತ್ತಲಿಗೆ ಎದ್ದುಹೋದ. ಲವಿನಾ ಹಿಂದೆಯೇ ಹೋದಳು.

"ಅವತ್ತು ಯಾಕೆ ಸುಮ್ಮನಿದ್ರಿ?"

"ನಾಚಿಕೆ ಆಯ್ತು. ಒಳ್ಳೇ ದಿನ ಬರಲಿ ಅಂತ ಎಲ್ಲಾನೂ ಮಲಗಿಸಿಟ್ಟವನು ನಾನು. ನನ್ನ ಲೆಕ್ಕ ತಪ್ಪು ಲವಿನಾ. ವೈನ್ ತಯಾರಾಗಿತ್ತು. ನಾನೇ ಆಗಿರಲಿಲ್ಲ."

ಒಳಗಿಂದ ಅಪ್ಪನ ನಗು ಕೇಳಿಸಿತು, ಈ ಸಲ ನಿಜವಾದದ್ದು.

"ನೀವು ಹುಟ್ಟಿದ ವರ್ಷದ್ದೊಂದು ಬಾಟಲಿ ಮೊನ್ನೆ ಹರಾಜಲ್ಲಿ ಹಿಡಿದೆ," ಅಂದ ಅವನು ನೆಲ ನೋಡುತ್ತ. "ಮದುವೆಯ ಟೋಸ್ಟ್‌ಗೆ ಆಗುತ್ತೆ. ಯಾರ ಮದುವೆ ಅಂತ ನೀವೇ ಹೇಳಬೇಕು..."

ಲವಿನಾಳ ಕೆನ್ನೆ ರಂಗೇರಿತು. "ಅದು ಇನ್ನೆಷ್ಟು ವರ್ಷ ಮಲಗಬೇಕಂತೆ?"

"ಪುಸ್ತಕದ ಪ್ರಕಾರ ಆರು."

"ಮತ್ತೆ ನಿಧಾನಪ್ಪನ ಪ್ರಕಾರ?"

"ಪಪ್ಪನ ಬಾಯಿಗೆ ರುಚಿ ಮರಳಿದ ದಿನವೇ ತೆರೆಯೋಣ. ಮರಳುವುದಿಲ್ಲ ಅಂತ ಗೊತ್ತಾದರೆ... ಅದರ ಮಾರನೇ ದಿನ."

ಅವಳು ನಗುತ್ತ, ಅಳುತ್ತ ಅವನ ಕೈ ಹಿಡಿದುಕೊಂಡಳು. ಒಳಗೆ ಅಸುಂತಾ ಖಾಲಿ ಬಾಟಲಿ ಹಿಡಿದು, ಇದನ್ನೆಲ್ಲಿಡಲಿ ಅಂತ ಕೇಳುತ್ತಿದ್ದರು.

"ಅಲ್ತಾರ್‌ನಲ್ಲಿ ಇಡಿ ಆಂಟಿ," ಅಂತ ಸೆಡ್ರಿಕ್ ಕೂಗಿ ಹೇಳಿದ. "ದೀಪದ ಪಕ್ಕಾನೇ ಇಡಿ. ಇನ್ನೇನೂ ಆಗಲ್ಲ."