ಗೋಡೆ ಸೇರಿದ ಸುಣ್ಣ

"ಅದನ್ನ ಮುಟ್ಬೇಡ್ವೋ ಮೇಸ್ತ್ರಿ. ಯಾರ ಜೀವ ಕಟ್ಟಿದಾರೋ ಏನೋ."

ಮೇಣದಬತ್ತಿ ಮಾರುವ ಮುದುಕಿ ಸೆಮ್ನೆ ಹೀಗೆಂದಾಗ ಬಾರ್ದಾಸ್ ಸುತ್ತಿಗೆ ಎತ್ತಿಯಾಗಿತ್ತು. ಕಪ್ಪಡೋಕಿಯದ ಬೆಟ್ಟದೂರು ಬಿಟ್ಟು ಹೆಂಡತಿಯೊಡನೆ ಕಾನ್‌ಸ್ಟಾಂಟಿನೋಪಲ್ಲಿಗೆ ಬಂದು ಅವನಿಗೆ ಒಂದು ಚಳಿಗಾಲವೂ ಕಳೆದಿರಲಿಲ್ಲ. ಶತ್ರು ಬರುವುದರೊಳಗೆ ಕೋಟೆಗೋಡೆಯ ಬಿರುಕು ಮುಚ್ಚಬೇಕೆಂದು ಚಕ್ರವರ್ತಿಯ ಅಪ್ಪಣೆಯಾಗಿತ್ತು. ಗಾರೆಗೆ ಸುಣ್ಣ ಬೇಕು, ಸುಣ್ಣಕ್ಕೆ ಅಮೃತಶಿಲೆ. ನೀರಿನ ತೊಟ್ಟಿಯ ಹಿಂದೆ, ಪಾಚಿ ನಾರುವ ಕತ್ತಲಲ್ಲಿ, ಹಳೆಯ ಕಾಲದ ವಿಗ್ರಹವೊಂದು ಯಾರಿಗೂ ಬೇಡವಾಗಿ ನಿಂತಿತ್ತು.

"ಕಲ್ಲಿಗೆ ಜೀವ ಕಟ್ತಾರಾ?"

"ಈ ಊರಲ್ಲಿ ಕಟ್ತಾರೆ. ಕೂದಲು, ಮೇಣ, ಒಂದು ಮಂತ್ರ. ಆ ಕಲ್ಲು ಇರೋ ತನಕ ಆ ಮನುಷ್ಯ. ಹಿಂದಿನ ದೊರೆದೂ ಒಂದಿತ್ತಂತೆ. ಸಿಡಿಲು ಬಡೀತು, ಅವನೂ ಹೋದ."

"ದೊರೆಗಳು ಹೋಗೋದು ಅಡುಗೆಯವರ ಕೈಲಿ ಕಣಜ್ಜಿ. ಇದು ನಿನ್ನ ಗಂಡನ ಜೀವ ಏನು?"

"ಅವನು ಕುಡಿದು ಸತ್ತ. ನಗು, ನಗು."

ಬಾರ್ದಾಸ್ ನಗುತ್ತಲೇ ಹೊಡೆದ. ವಿಗ್ರಹದ ತೋಳುಗಳು ಮೊದಲು ಸುಣ್ಣದ ಗೂಡಿಗೆ ಹೋದವು. ಬೆಂದು, ಅರಳಿ, ಗಾರೆಯಾಗಿ ಗೋಡೆ ಸೇರಿದವು.

ಆ ವಾರವೇ ಅವನ ಬೆರಳುಗಳು ಮರಗಟ್ಟಿದವು. ಚಳಿಯೆಂದುಕೊಂಡ. ಒಂದು ಸಂಜೆ ಒಲೆಯ ಮೇಲಿನ ಬೇಳೆಯ ಮಡಕೆಯನ್ನು ಬರಿಗೈಯಲ್ಲಿ ಇಳಿಸಿದ. ಸುಟ್ಟ ತೊಗಲಿನ ವಾಸನೆ ಬಂತು. ನೋವು ಬರಲಿಲ್ಲ.

"ರೀ, ಕೈ!" ಹೆಂಡತಿ ಗ್ಲಿಕೇರಿಯಾ ಕಿರುಚಿದಳು.

"ಸೆಮ್ನೆ ಹೇಳಿದ ವಿಗ್ರಹ ಶಾಪ ಹಾಕ್ತು ಅನ್ಸತ್ತೆ," ಎಂದು ನಕ್ಕ.

"ಯಾವ ವಿಗ್ರಹ?"

"ತೊಟ್ಟಿ ಹಿಂದಿಂದು."

ಅವಳು ಕುಸಿದು ಕೂತಳು. "ಅದರ ಕಿವಿ ಹಿಂದೆ ಮೇಣ ಇತ್ತಾ?"

ಇತ್ತು. ಕೆರೆದು ಬಿಸಾಕಿದ್ದ.

"ನಿಮ್ಮ ಜೀವ ಅದಕ್ಕೆ ನಾನೇ ಕಟ್ಟಿಸ್ದೆ ರೀ. ಪರ ಊರು, ಯುದ್ಧ ಬರ್ತಿದೆ, ನಿಮಗೇನೂ ಆಗಬಾರ್ದು ಅಂತ. ಕಲ್ಲು ಗಟ್ಟಿ ಇರತ್ತಲ್ಲ ಅಂದ್ಕೊಂಡೆ. ಹೇಳಿದ್ರೆ ನಗ್ತಿದ್ರಿ."

ಬಾರ್ದಾಸ್ ನಗಲಿಲ್ಲ. ಉಳಿದ ಕಲ್ಲನ್ನು ಅವನೇ ಗೂಡಿಗೆ ಹಾಕಿಸಿದ್ದ. ಓಡಿದ. ಹೊಗೆ. ಕೆಂಪು. ಸುಣ್ಣದ ಘಾಟು. ಗೂಡಿನ ಬಾಯಿ ತೆರೆದಿತ್ತು. ಒಳಗೆ ಬೂದಿ. ಸುಣ್ಣದ ಗಾಡಿ ಆಗಲೇ ಗೋಡೆಗೆ ಹೋಗಿತ್ತು. ಮತ್ತೆ ಓಡಿದ. ಕಾಲಿಗೆ ನೆಲ ತಾಗುತ್ತಿರಲಿಲ್ಲ. ಗೋಡೆಯ ಮೇಲೆ ಆಳುಗಳು ಕೊನೆಯ ಬಿರುಕನ್ನು ಸವರುತ್ತಿದ್ದರು. ಹಸಿ ಗಾರೆಗೆ ಕೆನ್ನೆ ಒತ್ತಿ ಸಾವಿಗೆ ಕಾದ.

ಸಾವು ಬರಲಿಲ್ಲ.

"ಕಲ್ಲು ಎಲ್ಲಿ ಹೋಯ್ತು? ಗೋಡೇಲೇ ಇದೆಯಲ್ಲೋ," ಎಂದಳು ಗೋಡೆ ಬುಡದಲ್ಲಿ ಮೇಣದಬತ್ತಿ ಮಾರುತ್ತಿದ್ದ ಸೆಮ್ನೆ, ಅವನ ಮುಖ ನೋಡದೆ. "ಗೋಡೆ ಇರೋ ತನಕ ನೀನು."

ಆಮೇಲೆ ಅವನಿಗೆ ರೊಟ್ಟಿ ರುಚಿಸಲಿಲ್ಲ, ನೀರು ತಣ್ಣಗೆನಿಸಲಿಲ್ಲ. ಗ್ಲಿಕೇರಿಯಾ ಅತ್ತಾಗ ಅಳು ಕೇಳಿಸುತ್ತಿತ್ತು, ಅಷ್ಟೇ. ಅವಳು ತಬ್ಬಿಕೊಂಡರೆ ಯಾರೋ ಪಕ್ಕದ ಮನೆಯವರನ್ನು ತಬ್ಬಿದ ಹಾಗಿರುತ್ತಿತ್ತು.

ವಸಂತದಲ್ಲಿ ಶತ್ರುಗಳು ಬಂದರು. ಕೋಟೆಯಾಚೆ ಕಲ್ಲೆಸೆಯುವ ಕವಣೆಯಂತ್ರಗಳು ಕಿರುಗುಟ್ಟುವುದು ಮನೆಯವರೆಗೂ ಕೇಳಿತು. ಗ್ಲಿಕೇರಿಯಾ ಅವನ ಕೈ ಹಿಡಿದುಕೊಂಡಳು, ಅವನಿಗೆ ತಿಳಿಯಲಿಲ್ಲ.

ಮೊದಲ ಕಲ್ಲು ಗೋಡೆಗೆ ಬಡಿಯಿತು.

ಅಷ್ಟು ತಿಂಗಳ ಮೇಲೆ ಮೊದಲ ಬಾರಿ ಬಾರ್ದಾಸನಿಗೆ ಏನೋ ತಾಗಿತು. ಪಕ್ಕೆಲುಬು ಮುರಿದಂತೆ ಬಾಗಿದ. ಬಾಯಿಂದ ಬಿಳಿಯ ಪುಡಿ ಉದುರಿತು.

"ಎಷ್ಟು ಕಲ್ಲು ತಂದಿದಾರೆ?" ಎಂದು ಕೇಳಿದ.

ಹೊರಗೆ ಯಂತ್ರ ಮತ್ತೆ ಕಿರುಗುಟ್ಟಿತು.