ಅಜ್ಜಿ ಕೇಳಿದ ಮನೆ ಹೆಸರು

ತೊಟ್ಟಿಯ ನೀರಿನಲ್ಲಿ ಚಂದನ ಅಂಗಾತ ಮಲಗಿದ್ದಳು. ಅವಳ ತಲೆಯಡಿ ಅನಿಲ್‌ಕುಮಾರನ ಅಂಗೈ ಇತ್ತು. ಕೈ ತೆಗೆದರೆ ಮುಳುಗಿಹೋಗುತ್ತೇನೆಂದು ಅವಳು, ತೆಗೆಯುವುದೇ ಇಲ್ಲವೆಂದು ಅವನು. ನಿಜ ಹೇಳಬೇಕೆಂದರೆ ಅದು ಎದೆಮಟ್ಟದ ನೀರು, ಮುಳುಗುವ ಮಾತೆಲ್ಲಿ ಬಂತು? ಆದರೂ ಈಜು ಕಲಿಯುವ ಇಂಥ ನೆಪ ಸಿಕ್ಕರೆ ಯಾರು ತಾನೇ ಬಿಡುತ್ತಾರೆ.

ಯಲ್ದೂರಿನ ಪಕ್ಕದ ಆ ಮಾವಿನ ತೋಟ ಅನಿಲನ ಅಜ್ಜಿಯದು. ಕೋಲಾರದ ಹಾಲಿನ ಲ್ಯಾಬಿನಲ್ಲಿ ಒಟ್ಟಿಗೆ ಕೆಲಸ ಮಾಡುವ ನಾಲ್ವರೂ ಭಾನುವಾರ ಬೆಳಿಗ್ಗೆಯೇ ಬಂದಿಳಿದಿದ್ದರು. ಕದಿರೇಶ, ಮೌನಿಕಾ ಇಬ್ಬರೂ ಮರದಡಿ ಕೂತು ಬಾದಾಮಿ, ಮಲ್ಲಿಕಾ, ಸೇಂದೂರ ಅಂತ ಒಂದೊಂದನ್ನೇ ಕೊಯ್ದು ರುಚಿ ನೋಡುತ್ತಾ, ಯಾವುದು ಸಿಹಿ ಎಂದು ಕಿತ್ತಾಡುತ್ತಿದ್ದರು. ತೊಟ್ಟಿಯ ಕಡೆಗೆ ಮಾತ್ರ ಬೇಕೆಂದೇ ತಿರುಗಿ ನೋಡುತ್ತಿರಲಿಲ್ಲ.

“ಊಟ ಆದ್ಮೇಲೆ ಅಜ್ಜಿಗೆ ಹೇಳ್ಬಿಡ್ತೀನಿ,” ಎಂದ ಅನಿಲ.

“ಬೇಡ ಅಂದ್ರೆ?”

“ನಿನ್ನ ನೋಡಿ ಯಾರು ಬೇಡ ಅಂತಾರೆ ಕಣೇ.”

ಚಂದನ ಅವನ ಮುಖಕ್ಕೆ ನೀರೆರಚಿದಳು. ಕಣ್ಣು ಮಿಟುಕಿಸುತ್ತಾ, ರೆಪ್ಪೆಯ ನೀರನ್ನೂ ಒರೆಸಿಕೊಳ್ಳದೆ ಅವನು ಅವಳನ್ನೇ ನೋಡಿದ. ಅಷ್ಟು ಸುಖವನ್ನು ಅವಳು ಈವರೆಗೆ ಕಂಡಿರಲಿಲ್ಲ.

ಅನಿಲನ ಮನೆಯಲ್ಲಿ ಅಜ್ಜಿ ಚಿಕ್ಕಗಂಗಮ್ಮ ಹೂಂ ಅಂದರೆ ಮದುವೆ, ಊಹೂಂ ಅಂದರೆ ಇಲ್ಲ. ಜಾತಿ ಒಂದೇ ಎಂದು ಗೊತ್ತಾದ ದಿನವೇ ಚಂದನ ದೊಡ್ಡ ಗಂಡಾಂತರ ಕಳೆಯಿತೆಂದು ಉಸಿರು ಬಿಟ್ಟಿದ್ದಳು. ಇನ್ನು ಅಜ್ಜಿಯ ಮನಸ್ಸು ಗೆದ್ದರೆ ಮುಗಿಯಿತು. ಈಗಿನ ಹುಡುಗಿಯರಿಗೆ ತಮ್ಮ ವಂಶದ ಮನೆ ಹೆಸರೇ ಗೊತ್ತಿಲ್ಲವೆಂದು ಅಜ್ಜಿ ಬೈಯುವುದನ್ನು ಅನಿಲನೇ ಒಮ್ಮೆ ಹೇಳಿ ನಕ್ಕಿದ್ದ. ಪಾಪ, ಈ ಹುಡುಗಿ ಹಿಂದಿನ ದಿನವೇ ಅಮ್ಮನಿಗೆ ಫೋನ್ ಮಾಡಿ ಅದನ್ನು ಕೇಳಿ ಬಾಯಿಪಾಠ ಮಾಡಿಕೊಂಡು ಬಂದಿದ್ದಳು.

ಊಟಕ್ಕೆ ಅಜ್ಜಿ ಅವಳನ್ನು ಪಕ್ಕದಲ್ಲೇ ಕೂರಿಸಿಕೊಂಡಳು. ಮುದ್ದೆಗೆ ಮಾವಿನಕಾಯಿ ಹಾಕಿದ ಬೇಳೆ ಪಪ್ಪು ಬಡಿಸಿ, ಮೇಲೆ ಧಾರಾಳವಾಗಿ ತುಪ್ಪ ಸುರಿದಳು. ಯಾವ ಊರು, ಯಾರ ಮಗಳು ಎಂದು ತೆಲುಗು ಬೆರೆಸಿ ವಿಚಾರಿಸಿದಳು. ರಾಯಲ್ಪಾಡು ಕಡೆಯವರೆಂದು ಚಂದನ ಹೇಳಿದಳು. ಮನೆ ಹೆಸರೇನಮ್ಮ ಎಂದಳು ಅಜ್ಜಿ. ಕಾದಿದ್ದ ಪ್ರಶ್ನೆಯೇ ಬಂತಲ್ಲ ಎಂದು ಚಂದನಳ ಮುಖ ಅರಳಿತು.

“ಬೆಲ್ಲಮೋಳ್ಳು, ಅಜ್ಜಿ.”

ಅನಿಲನ ತುತ್ತು ಕೈಯಲ್ಲೇ ಉಳಿಯಿತು.

“ನಾ ತಲ್ಲಿ, ನನ್ನ ತಾಯಿ, ನೀನು ನಮ್ಮೋಳೇ ಕಣಮ್ಮ,” ಎಂದು ಅಜ್ಜಿ ಅವಳ ಕೆನ್ನೆ ಸವರಿದಳು. “ನಾವೂ ಬೆಲ್ಲಮೋಳ್ಳೇ. ಸಂಬಂಧದ ವರಸೇಲಿ ಅನಿಲ ನಿಂಗೆ ಅಣ್ಣ ಆಗ್ಬೇಕು.”

ಮನೆ ಹೆಸರು ಒಂದೇ ಆದರೆ ಒಂದೇ ರಕ್ತ. ಅಂಥವರ ನಡುವೆ ಮದುವೆಯ ಮಾತನ್ನು ಆ ಸೀಮೆಯಲ್ಲಿ ಯಾರೂ ಬಾಯಿತಪ್ಪಿಯೂ ಆಡುವುದಿಲ್ಲ. ಅಜ್ಜಿ ಸಿಟ್ಟಾಗಿದ್ದರೆ ಎದುರು ಮಾತಾಡಬಹುದಿತ್ತೇನೋ. ಅವಳು ಸಂತೋಷಪಟ್ಟುಬಿಟ್ಟಳು. ಮನೆಯಲ್ಲಿ ಹೆಣ್ಣುಮಗುವೇ ಇಲ್ಲವೆಂಬ ಕೊರಗು ಇವತ್ತಿಗೆ ತೀರಿತೆಂದು ಊಟ ಬಿಟ್ಟೆದ್ದು ನೆಂಟರಿಗೆಲ್ಲ ಫೋನ್ ಮಾಡತೊಡಗಿದಳು.

ಪಂಪ್‌ಸೆಟ್ ಮನೆಯ ಹಿಂದೆ ಚಂದನ ಅವನನ್ನು ತಡೆದು ನಿಲ್ಲಿಸಿದಳು.

“ಯಾವ ಕಾಲದ ಸಂಬಂಧವೋ ಏನೋ. ನಾವಿಬ್ರೂ ಅಣ್ಣ ತಂಗಿ ಹೆಂಗಾಗ್ತೀವಿ?”

“ಆಗಲ್ಲ ಅಂತ ನಂಗೂ ಗೊತ್ತು.”

“ಹಂಗಾದ್ರೆ ಹೋಗಿ ಹೇಳು.”

ಅವನು ತಲೆ ತಗ್ಗಿಸಿದ. “ಅಜ್ಜಿ ತಡ್ಕೊಳಲ್ಲ ಚಂದು. ನೀನು ಆ ಹೆಸರು ಹೇಳ್ದೇ ಇದ್ದಿದ್ರೆ...”

“ಇವತ್ತಲ್ಲ ನಾಳೆ ಗೊತ್ತಾಗ್ತಿತ್ತು. ಆಗ್ಲೂ ನೀನು ಹಿಂಗೇ ನಿಂತ್ಕೊತಿದ್ದೆ.”

ಅವನು ಇಲ್ಲವೆನ್ನಲಿಲ್ಲ. ಇಲ್ಲವೆಂದಿದ್ದರೆ ಅವಳು ಆ ಒಂದು ಮಾತನ್ನು ನಂಬಿಕೊಂಡು ಎಷ್ಟು ವರ್ಷ ಬೇಕಾದರೂ ಕಾಯುತ್ತಿದ್ದಳು. ಅವನ ಕಣ್ಣು ತುಂಬಿದ್ದನ್ನು ಕಂಡು ಅವಳಿಗೂ ತಡೆಯಲಾಗಲಿಲ್ಲ. ಒರೆಸಲು ಕೈ ಚಾಚಿದಳು. ಯಾರಾದರೂ ನೋಡಿಯಾರೆಂದು ಅವನು ಒಂದು ಹೆಜ್ಜೆ ಹಿಂದೆ ಸರಿದ.

ಸಂಜೆ ಹೊರಡುವ ಹೊತ್ತಿಗೆ ಅಜ್ಜಿ ಅವಳಿಗೆ ಕುಂಕುಮವಿಟ್ಟು, ಹೂ ಮುಡಿಸಿ, ತವರಿನಿಂದ ಹೊರಟ ಮಗಳಿಗೆ ಮಾಡುವಂತೆ ಮಡಿಲು ತುಂಬಿದಳು. ಆ ರಾತ್ರಿ ತೋಟದಲ್ಲೇ ಉಳಿಯಲಿದ್ದ ಅನಿಲನನ್ನು ಕರೆದು ಪಕ್ಕದಲ್ಲಿ ನಿಲ್ಲಿಸಿದಳು. ಇನ್ನು ಇವಳಿಗೆ ಒಳ್ಳೆಯ ಗಂಡು ಹುಡುಕುವುದು ನಿನ್ನ ಜವಾಬ್ದಾರಿ ಎಂದಳು.

“ಅಣ್ಣಂಗೆ ಹೇಳಿ ಹೊರಡಮ್ಮ.”

ಕಾರಿನ ಬಾಗಿಲು ಹಿಡಿದಿದ್ದ ಮೌನಿಕಾ ಮುಖ ತಿರುಗಿಸಿಕೊಂಡಳು. ಅಜ್ಜಿ ಕಾಯುತ್ತಿದ್ದಳು. ಇನ್ನೊಂದು ಗಳಿಗೆ ಸುಮ್ಮನಿದ್ದರೆ ಆ ಮುದುಕಿಗೆ ಎಲ್ಲ ತಿಳಿದುಹೋಗುತ್ತಿತ್ತು. ತಿಳಿಯಲಿ ಎಂದು ಚಂದನಳ ಮನಸ್ಸು ಒದ್ದಾಡಿತು. ಕೊನೆಯ ಸಲವೆಂದು ಅನಿಲನ ಮುಖ ನೋಡಿದಳು. ಬೇಡ ಎಂದು ಅವನು ಕಣ್ಣಲ್ಲೇ ಬೇಡಿಕೊಂಡ.

“ಹೋಗ್ಬರ್ತೀನಿ ಅಣ್ಣಾ,” ಎಂದಳು.

ನಕ್ಕವಳು ಅಜ್ಜಿಯೊಬ್ಬಳೇ.