ತಾನಾಗೇ ನಿಂತ ಕಾರು

ಧಡ್!

ಶ್ಯಾಮಲಾಳ ಹಣೆ ಸ್ಟೇರಿಂಗಿಗೆ ಬಡಿಯಿತು. ಕಣ್ಣು ಬಿಟ್ಟಾಗ ಹುಬ್ಬಿನಿಂದ ಇಳಿದ ರಕ್ತ ರೆಪ್ಪೆಗೆ ಅಂಟಿತ್ತು. ಅವಳ ಹಸಿರು ಕಾರಿನ ಮೂತಿ ಮುಂದಿನ ಕೆಂಪು ಕಾರಿನ ಬೆನ್ನಿಗೆ ನಾಟಿಕೊಂಡಿತ್ತು.

ನೋವಿಗಿಂತ ಮೊದಲು ಸಿಟ್ಟು ಬಂತು. ಅವಳಿಗೆ ಯಾವಾಗಲೂ ಸಿಟ್ಟೇ ಮೊದಲು ಬರುವುದು. ಸೀಟಿನ ಕೆಳಗಿದ್ದ ಜಾಕಿ ರಾಡು ಹಿಡಿದು ಇಳಿದವಳೇ ಕೆಂಪು ಕಾರಿನ ಹಿಂದಿನ ದೀಪಕ್ಕೆ ಬೀಸಿದಳು. ಗಾಜಿನ ಪುಡಿ ಸುಗಟೂರು ರಸ್ತೆಯ ತುಂಬ ಚೆಲ್ಲಿತು.

ಇಳಿದು ಬಂದ ಹುಡುಗ ತನ್ನ ಕಾರನ್ನು ನೋಡಲಿಲ್ಲ. ಅವಳ ಹಣೆಯನ್ನೇ ನೋಡಿದ.

“ರೀ... ರಕ್ತ ಬರ್ತಿದೆ.”

“ನಡುರಸ್ತೇಲಿ ಹಂಗೆ ಏಕಾಏಕಿ ನಿಲ್ಸಿದ್ರೆ ಹಿಂದೆ ಬರೋರು ಸಾಯ್ಬೇಕಾ?”

“ಕರು ಅಡ್ಡ ಬಂತು. ನಾನು ನೋಡೋಷ್ಟರಲ್ಲಿ ಕಾರೇ ನಿಂತ್ಬಿಡ್ತು.”

“ಕಾರು ತಾನಾಗೇ ನಿಲ್ಲುತ್ತಾ? ಯಾರ ಕಿವಿಗೆ ಹೂ ಇಡ್ತೀಯ?”

ಎನ್ನುತ್ತಲೇ ಇನ್ನೊಂದು ದೀಪವನ್ನೂ ಒಡೆದಳು. ಅವನು ತಡೆಯಲಿಲ್ಲ. ಕರ್ಚೀಫು ಮಡಿಸಿ ಅವಳ ಹುಬ್ಬಿಗೆ ಒತ್ತಿ ಹಿಡಿದ, ಅಷ್ಟೇ. ರಾಡು ಹಿಡಿದ ಕೈ ಯಾಕೋ ತಾನಾಗೇ ಕೆಳಗಿಳಿಯಿತು.

ಅವನ ಹೆಸರು ಕದಿರೇಶ. ಮಾಲೂರಿನ ಹೆಂಚಿನ ಫ್ಯಾಕ್ಟರಿಯವರ ಮನೆಯ ಹುಡುಗ. ಅವನ ಕೆಂಪು ಸ್ಪೋರ್ಟ್ಸ್ ಕಾರು ಹೊಚ್ಚ ಹೊಸದು. ಅವಳದೂ ಸ್ಪೋರ್ಟ್ಸ್ ಕಾರೇ, ಆದರೆ ಅವಳ ಅಪ್ಪನಿಗಿಂತ ಹಳೆಯದು! ಶ್ಯಾಮಲಾಳ ತಾತ ಕೆ.ಜಿ.ಎಫ್. ಗಣಿಯ ಬಿಳಿ ಸಾಹೇಬನೊಬ್ಬನಿಗೆ ಡ್ರೈವರ್ ಆಗಿದ್ದ. ದೇಶ ಬಿಡುವಾಗ ಸಾಹೇಬ ತನ್ನ ಎರಡು ಸೀಟಿನ ಕಾರನ್ನು ತಾತನಿಗೇ ಬಿಟ್ಟು ಹೋದ. ತಾತನಿಂದ ಅಪ್ಪನಿಗೆ, ಅಪ್ಪ ತೀರಿಕೊಂಡ ಮೇಲೆ ಮಗಳಿಗೆ ಬಂತು. ಸಾಹೇಬ ಗಾಳಿಯಲ್ಲಿ ಹಾರಿಸುತ್ತಿದ್ದ ಕಾರಿನಲ್ಲಿ ಈಗ ಶ್ಯಾಮಲಾ ರೇಷ್ಮೆಗೂಡಿನ ಮೂಟೆ ಹೇರಿಕೊಂಡು ಕೋಲಾರದ ಮಾರುಕಟ್ಟೆಗೆ ಹೋಗುತ್ತಿದ್ದಳು.

ಹುಬ್ಬಿನ ಗಾಯ ಮಾಗಿತಾ ಎಂದು ಕೇಳಲು ಕದಿರೇಶ ಬಂದ. ಆಮೇಲೆ ಹಳೇ ಕಾರು ಓಡಿಸಲು ಕಲಿಸಿ ಎಂದು ಬಂದ. ಆಮೇಲೆ ಸುಮ್ಮನೆ ಬಂದ.

ಅವನ ಕಾರನ್ನು ಒಂದು ಬೆರಳಲ್ಲಿ ತಿರುಗಿಸಬಹುದಿತ್ತು, ರಸ್ತೆಯ ಗುಂಡಿ ಸೊಂಟಕ್ಕೆ ತಿಳಿಯುತ್ತಲೇ ಇರಲಿಲ್ಲ. ಅವಳ ಕಾರನ್ನು ತಿರುಗಿಸಲು ಎರಡೂ ಭುಜ ಬೇಕು. ಗೇರು ಬದಲಿಸಲು ಕ್ಲಚ್ಚು ಎರಡೆರಡು ಸಲ ಒತ್ತಬೇಕು, ಇಲ್ಲದಿದ್ದರೆ ಕಿರುಚುತ್ತದೆ. ಬ್ರೇಕಂತೂ ಒಂದು ಕರೆಂಟ್ ಕಂಬದಷ್ಟು ಮೊದಲೇ ಶುರು ಮಾಡಬೇಕು. ಅದರಲ್ಲಿ ಏನಾದರೂ ಆಗಬೇಕಾದರೆ ಕೂತವರ ಕೈಯೋ ಕಾಲೋ ಮಾಡಬೇಕು. ಶ್ಯಾಮಲಾ ಜೀವನದಲ್ಲಿ ಓಡಿಸಿದ್ದು ಅದೊಂದೇ ಕಾರು.

“ನನ್ನ ಕಾರು ನನ್ನ ಕೈಗೆ ಏನೂ ಬಿಡಲ್ಲ. ಇದು ಎಲ್ಲಾನೂ ನನ್ನ ಮೇಲೇ ಹಾಕುತ್ತೆ,” ಎಂದು ಅವನು ಬೆವರು ಒರೆಸಿಕೊಂಡ.

ಗೇರು ಕಿರುಚಿದಾಗಲೆಲ್ಲ ಅವಳು ಅವನ ಮಣಿಕಟ್ಟಿಗೆ ಹೊಡೆಯುತ್ತಿದ್ದಳು. ಒಂದು ದಿನ ಹೊಡೆದ ಕೈ ಅಲ್ಲೇ ಉಳಿಯಿತು. ದೀಪ ಒಡೆದ ನಾಚಿಕೆಗೆ ಅವಳು ಆ ಮೊದಲ ದಿನದ ಮಾತನ್ನು ಮತ್ತೆಂದೂ ಎತ್ತಲಿಲ್ಲ. ಎತ್ತಿದ್ದರೆ ಎಷ್ಟು ರಕ್ತ ಉಳಿಯುತ್ತಿತ್ತೋ!

ಯಾಕೆಂದರೆ ಗಂಗುಲಪ್ಪನಿದ್ದ. ಶ್ಯಾಮಲಾಳ ತಾಯಿ ಮುನಿಯಲ್ಲಮ್ಮನ ತಮ್ಮ, ಜಲ್ಲಿ ಕ್ರಷರ್ ಮಾಲೀಕ. ಈ ಸೀಮೆಯಲ್ಲಿ ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವುದು ಹೊಸದೇನಲ್ಲ, ಎಷ್ಟೋ ಮನೆಗಳಲ್ಲಿ ಅದು ಚೆನ್ನಾಗಿಯೇ ನಡೆದಿದೆ. ಆದರೆ ಗಂಗುಲಪ್ಪ ಕೇಳುವವನಲ್ಲ, ಕಿತ್ತುಕೊಳ್ಳುವವನು. ಅವಳು ಒಲ್ಲೆ ಎಂದಾಗ ರೇಷ್ಮೆಹುಳುವಿನ ತಟ್ಟೆಗಳನ್ನು ಒದ್ದು ಉರುಳಿಸಿ, ಬೂಟುಗಾಲಲ್ಲಿ ಹುಳುಗಳನ್ನು ತುಳಿದ. ಅಡ್ಡ ಬಂದ ಅಕ್ಕನ ಕೆನ್ನೆಗೂ ಬಾರಿಸಿದ.

“ಅಕ್ಕನ ಮಗಳು ಅಂದ್ರೆ ನಂದೇ. ನಿನ್ನ ಯಾರೂ ಕೇಳ್ಲಿಲ್ಲ ಕಣೇ.”

ಮರುದಿನ ಬೆಳಗ್ಗೆ ಶ್ಯಾಮಲಾ ಕದಿರೇಶನ ಕಾರು ಹತ್ತಿದಳು. ಮುಳಬಾಗಿಲಿನಲ್ಲಿ ಅವನ ಅತ್ತೆ ದೇವಸ್ಥಾನದಲ್ಲಿ ತಾಳಿ ಕಟ್ಟಿಸಲು ಒಪ್ಪಿದ್ದರು. ಆದರೆ ಕೆಂಪು ಕಾರಿನ ಗುರುತು ಊರಿಗೆಲ್ಲ ಇತ್ತು. ದೊಡ್ಡ ರಸ್ತೆ ಇನ್ನೇನು ಸಿಗಬೇಕು, ನಡುದಾರಿಯಲ್ಲಿ ಗಂಗುಲಪ್ಪ ಮಚ್ಚು ಹಿಡಿದು ನಿಂತಿದ್ದ.

“ನಿಲ್ಸಬೇಡ ಕದಿರೇಶ. ಸರ್ಕೊತಾನೆ. ನಿಲ್ಸಬೇಡ...”

“ನಿಲ್ಸಲ್ಲ.”

ಕಾರು ಕಿರ್‍ರೆಂದು ನಿಂತಿತು.

ಬಾಗಿಲು ಧಡಕ್ಕನೆ ತೆರೆಯಿತು. ಗಂಗುಲಪ್ಪನ ಆಳುಗಳ ನಾಲ್ಕೈದು ಕೈಗಳು ಕದಿರೇಶನನ್ನು ಎಳೆದು ಡಾಂಬರಿಗೆ ಕೆಡವಿದವು. ಕಬ್ಬಿಣದ ರಾಡು ಅವನ ಬಲಗೈಯ ಮೇಲೆ ಬಿದ್ದಾಗ ಮೂಳೆ ಮುರಿದ ಸದ್ದು ಅವಳಿಗೂ ಕೇಳಿಸಿತು. ಗಂಗುಲಪ್ಪ ಅವಳ ಜಡೆ ಹಿಡಿದು ಮುಖವನ್ನು ಅತ್ತ ತಿರುಗಿಸಿದ.

“ಚೂಡು, ನೋಡೇ ಸರಿಯಾಗಿ. ಮಚ್ಚು ಕಂಡ ತಕ್ಷಣ ಬ್ರೇಕ್ ಒತ್ತಿದ. ಇವನನ್ನ ನಂಬ್ಕೊಂಡು ಬಂದಾ?”

ಒತ್ತದೆ ಕಾರು ನಿಲ್ಲುವುದುಂಟೇ? ಅವಳಿಗೆ ಗೊತ್ತಿದ್ದ ಲೋಕದಲ್ಲಿ ಇಲ್ಲ.

“ನಿಲ್ಸಲ್ಲ ಅಂದಿದ್ದೆ,” ಎಂದಳು ಅವಳು, ನೆಲದ ಮೇಲಿದ್ದವನಿಗೆ. ಅವನು ಬಾಯ್ತುಂಬ ರಕ್ತದೊಂದಿಗೆ ಏನೋ ಹೇಳಲು ಬಂದ. ಒಂದು ಬೂಟು ಆ ಬಾಯಿಗೇ ಒದೆಯಿತು. ಅವಳು ಮತ್ತೆ ತಿರುಗಿ ನೋಡಲಿಲ್ಲ.

ಆಮೇಲೆ ಯಾರಾದರೇನು ಎನಿಸಿತು ಅವಳಿಗೆ. ಮನೆ ಮುಂದೆ ಚಪ್ಪರ ಎದ್ದಿತು, ಅವಳು ಬೇಡ ಎನ್ನಲಿಲ್ಲ. ಗೆದ್ದ ಗುರುತಿಗೆಂದು ಗಂಗುಲಪ್ಪ ಕೆಂಪು ಕಾರನ್ನು ತಂದು ಅಂಗಳದಲ್ಲಿ ನಿಲ್ಲಿಸಿದ್ದ. ಕದಿರೇಶ ಕೋಲಾರದ ಆಸ್ಪತ್ರೆಯಲ್ಲಿದ್ದಾನೆಂದು ಕೇಳಿದರೂ ಅವಳ ಎದೆ ಕರಗಲಿಲ್ಲ. ಮದುವೆಯ ಬೆಳಗ್ಗೆ, ಕೈಗೆ ಬಳೆ ತೊಡಿಸುವಾಗ, ಕಿಟಕಿಯಿಂದ ಆ ಕಾರು ಕಂಡಿತು.

ಹೇಡಿ... ಹೇಡಿಯ ಕಾರು!

ಬಳೆಗಳು ಚೂರಾದವು. ಹೊರಗೆ ಓಡಿದವಳು ಕೆಂಪು ಕಾರಿಗೆ ಹತ್ತಿದಳು. ಕೀ ಒಳಗೇ ಇತ್ತು. ಎದುರಿಗೆ ಗಂಗುಲಪ್ಪನ ಜೀಪು. ಎರಡೂ ನುಜ್ಜುಗುಜ್ಜಾಗಲಿ, ತಾನೂ ಆಗಲಿ ಎಂದು ಆಕ್ಸಿಲರೇಟರ್ ತುಳಿದಳು.

ಕಾರು ಮುನ್ನುಗ್ಗಿತು. ಟೀ ಟೀ ಎಂದು ಕೂಗಿಕೊಂಡಿತು. ಜೀಪಿಗೆ ಇನ್ನೊಂದು ಮಾರು ಇರುವಾಗ ಕಿರ್‍ರೆಂದು ನಿಂತಿತು.

ಅವಳು ತನ್ನ ಕಾಲು ನೋಡಿಕೊಂಡಳು. ಅದು ಇನ್ನೂ ಆಕ್ಸಿಲರೇಟರ್ ಮೇಲೆಯೇ ಇತ್ತು.

‘ಕಾರೇ ನಿಂತ್ಬಿಡ್ತು...’

ಅಯ್ಯೋ! ಅಡ್ಡ ಏನಾದರೂ ಕಂಡರೆ ಈ ಕಾರು ತಾನೇ ಬ್ರೇಕ್ ಹಾಕಿಕೊಳ್ಳುತ್ತದೆ. ಮೊದಲ ದಿನವೇ ಕದಿರೇಶ ಹೇಳಿದ್ದ. ಹೇಳಿದ್ದಕ್ಕೆ ದೀಪ ಒಡೆದಿದ್ದಳು. ರಕ್ತ ತುಂಬಿದ ಬಾಯಲ್ಲಿ ಮತ್ತೆ ಅದನ್ನೇ ಹೇಳಲು ಬಂದಿದ್ದ. ಕೇಳಲಿಲ್ಲ ತಾನು... ಕೇಳಲೇ ಇಲ್ಲ.

ಸದ್ದಿಗೆ ಗಂಗುಲಪ್ಪ ಹೊರಬಂದ. ಗೇಟಿಗೆ ಓಡಿ ಮಚ್ಚು ಹಿಡಿದು ಅಡ್ಡ ನಿಂತು ನಕ್ಕ. ಈ ಕಾರು ಮನುಷ್ಯರಿಗೆ ಗುದ್ದುವುದಿಲ್ಲ ಎಂಬುದು ಅವನಿಗೂ ಅಂದೇ ತಿಳಿದಿತ್ತೇನೋ.

ಶ್ಯಾಮಲಾ ಕೆಂಪು ಕಾರಿನಿಂದ ಇಳಿದಳು. ಹುಳುಮನೆಯ ಪಕ್ಕ ನಿಂತಿದ್ದ ಹಸಿರು ಕಾರಿನ ಬಾಗಿಲನ್ನು ಯಾರೋ ತೆರೆದು ಹಿಡಿದಿದ್ದರು. ಮುನಿಯಲ್ಲಮ್ಮ! ಕೆನ್ನೆಯ ಮೇಲೆ ತಮ್ಮನ ಬೆರಳಿನ ಬಾವು ಇನ್ನೂ ಇಳಿದಿರಲಿಲ್ಲ.

“ಹೋಗು,” ಎಂದಳು ತಾಯಿ.

ಎಂಜಿನ್ ಗುಡುಗಿತು. ಕ್ಲಚ್ಚು, ಗೇರು, ಮತ್ತೆ ಕ್ಲಚ್ಚು. ಗಂಗುಲಪ್ಪ ಕೈ ಚಾಚಿಕೊಂಡು ನಿಂತೇ ಇದ್ದ.

“ಇದು ತಾನಾಗೇ ನಿಲ್ಲಲ್ಲ ಮಾವ, ಸರ್ಕೊ!”

ಅವನು ನಂಬಲಿಲ್ಲ. ನಂಬಿ ಹಾರುವಷ್ಟರಲ್ಲಿ ತಡವಾಗಿತ್ತು. ಕಬ್ಬಿಣದ ಮೂತಿ ಅವನ ಸೊಂಟಕ್ಕೆ ಬಡಿದು, ಮಚ್ಚು ಒಂದು ಕಡೆ ಹಾರಿತು, ಅವನೊಂದು ಕಡೆ ಹಿಪ್ಪುನೇರಳೆ ಸಾಲಿನೊಳಗೆ ಬಿದ್ದ. ಅವನು ಬದುಕಿದ. ಇನ್ನು ಯಾರಿಗೂ ಅಡ್ಡ ನಿಲ್ಲಲಾರ. ಪೊಲೀಸರು ಬಂದಾಗ ಮುನಿಯಲ್ಲಮ್ಮ ತಮ್ಮನ ಎಲ್ಲ ಪುಣ್ಯಕಾರ್ಯಗಳನ್ನೂ ಒಂದೂ ಬಿಡದೆ ಹೇಳಿದಳು. ಶ್ಯಾಮಲಾಳ ಹೇಳಿಕೆ ಬರೆದುಕೊಂಡು, ಕರೆದಾಗ ಬರಬೇಕೆಂದು ಕಳಿಸಿದರು.

ಆ ಸಂಜೆ ಅವಳು ಕೋಲಾರದ ಆಸ್ಪತ್ರೆಯ ಮಂಚದ ಬಳಿ ನಿಂತಿದ್ದಳು. ಕದಿರೇಶನ ಬಲಗೈ ಪೂರ್ತಿ ಪಟ್ಟಿಯಲ್ಲಿತ್ತು. ಅವನು ಗೋಡೆಯ ಕಡೆ ತಿರುಗಿದ.

“ನಿನ್ನ ಕಾಲು ಎಲ್ಲಿತ್ತು ಕದಿರೇಶ?”

ಅವನು ಮೆಲ್ಲಗೆ ಅವಳ ಕಡೆ ತಿರುಗಿದ.

“ಆಕ್ಸಿಲರೇಟರ್ ಮೇಲೆ... ಕೊನೇವರೆಗೂ. ಆದ್ರೆ ಅದು ನಿಂತಿದ್ದೇ ಒಳ್ಳೇದಾಯ್ತು ಶ್ಯಾಮಾ. ಇಲ್ಲಾಂದ್ರೆ ನಿನ್ನ ಮಾವನ್ನ ಕೊಂದ ಕೈಲೇ ನಿಂಗೆ ತಾಳಿ ಕಟ್ಬೇಕಾಗಿತ್ತು.”

ಅವಳು ಮಂಚದ ಅಂಚಿಗೆ ಹಣೆಯಿಟ್ಟು ಅತ್ತಳು. ಬೆಳಗ್ಗೆ ನಡೆದದ್ದನ್ನೆಲ್ಲ ಅಳುತ್ತಲೇ ಹೇಳಿದಳು. ಅವನು ಕೊನೆಯವರೆಗೂ ಕೇಳಿದ.

“ನಿನ್ನ ಕಾಲು ಎಲ್ಲಿತ್ತು?”

“ಬ್ರೇಕ್ ಮೇಲೆ,” ಎಂದಳು. “ಎರಡೂ ಕಾಲಲ್ಲಿ ಒತ್ತಿದೆ ಕದಿರೇಶ... ನಿಲ್ಲಲಿಲ್ಲ.”

ಅವನು ಮುರಿಯದ ಕೈ ಚಾಚಿ, ಅವಳ ಹುಬ್ಬಿನ ಹಳೇ ಗಾಯದ ಗುರುತನ್ನು ಹೆಬ್ಬೆರಳಿಂದ ಸವರಿದ. ಅವಳು ಆ ಕೈಯನ್ನು ಅಲ್ಲೇ ಹಿಡಿದುಕೊಂಡಳು.

“ಯಾವ ಕಾರಲ್ಲಿ ಬಂದೆ?”

“ನಿಂದ್ರಲ್ಲಿ. ನಂದು ಪೊಲೀಸ್ ಸ್ಟೇಷನ್‌ನಲ್ಲಿದೆ. ಸುಗಟೂರು ರಸ್ತೇಲಿ ಮತ್ತೆ ಕರು ಅಡ್ಡ ಬಂತು.”

“ತಾನಾಗೇ ನಿಂತಾ?”

“ಇಲ್ಲ. ಅದಕ್ಕಿಂತ ಮೊದ್ಲು ನಾನೇ ನಿಲ್ಸಿದೆ.”